ಅರಬ್ಬೀ ಸಮುದ್ರ ಯಾವ ಹೋಬಳಿಗೆ ಸೇರುತ್ತದೆ?

ಇವರಿಗೆ:
ಕಲ್ಲುಗಳ ಲೆಕ್ಕವಿಡುವ ಮತ್ತು ಸತ್ತವರ ಹೆಸರು ಬರೆದುಕೊಳ್ಳುವ ಸಮಸ್ತ ಕಚೇರಿಗಳ ಮಾನ್ಯ ಮೇಲಧಿಕಾರಿಗಳಿಗೆ.

ವಿಷಯ: ಕಡಲಿನಲ್ಲಿ ಮಡಿದ ನಾವಿಕನ ಹೆಸರಿನಲ್ಲಿ ಊರ ಗುಂಡುತೋಪಿನೊಳಗೆ ಒಂದು ಕಲ್ಲು ನಿಲ್ಲಿಸಲು ಅನುಮತಿ ಕೋರಿ.

ಉಲ್ಲೇಖ: 11 ತಿಂಗಳ ಹಿಂದೆ ಸಲ್ಲಿಸಿದ ಅರ್ಜಿ; ಅದರ ಗತಿ ಕೇಳಲು ಹೋದಾಗ ನಾಲ್ಕು ಬಾರಿ ದೊರೆತ ‘ನಾಳೆ ಬನ್ನಿ’ ಎಂಬ ಮೌಖಿಕ ಆದೇಶ; ನಿನ್ನೆ ಕೈಗೆ ಬಂದ ಒಂದು ಸಾಲಿನ ಹಿಂಬರಹ.

ಮಾನ್ಯರೇ,

ವೀರಗಲ್ಲು ಎಂದರೆ ಕಾದಾಡಿ ಮಡಿದವನ ನೆನಪಿಗೆ ಊರವರೋ ಒಡೆಯನೋ ಮನೆಯವರೋ ನೆಟ್ಟ ಕಲ್ಲು. ಅದು ಗೋರಿಯಲ್ಲವಾದ್ದರಿಂದ ಅದರ ಬುಡದಲ್ಲಿ ಹೆಣವಿರಬೇಕೆಂಬ ಕಟ್ಟಳೆ ಇಲ್ಲ. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವೂ, ನಡುವಿನ ಪಟ್ಟಿಕೆಯಲ್ಲಿ ಮಡಿದವನನ್ನು ಅಪ್ಸರೆಯರು ಕರೆದೊಯ್ಯುವ ನೋಟವೂ, ಮೇಲಿನದರಲ್ಲಿ ಅವನು ತನ್ನ ದೇವರ ಮುಂದೆ ಕುಳಿತಿರುವುದೂ ಕಾಣುತ್ತವೆ, ಮತ್ತು ನೆತ್ತಿಯಲ್ಲಿ ಕೆತ್ತಿದ ಸೂರ್ಯಚಂದ್ರರು ತಾವಿರುವವರೆಗೂ ಈ ಹೆಸರು ಇರಲೆಂದು ಸಾಕ್ಷಿ ನುಡಿಯುತ್ತಾರೆ. ಸಾವಿನ ಕಾರಣಗಳನ್ನೂ ಶಾಸನಗಳು ಹೆಸರಿಟ್ಟು ಹೇಳಿವೆ: ದನಗಳನ್ನು ಹೊಡೆದುಕೊಂಡು ಹೋಗುವವರೊಡನೆ ನಡೆಯುವ ಕಾದಾಟ ತುರುಗೋಳ್, ಊರು ಸೂರೆಯಾಗುವಾಗಿನದು ಊರಳಿವು, ಹೆಂಗಸರ ಮೊರೆ ಕೇಳಿ ನುಗ್ಗಿದ್ದು ಪೆಣ್ಬುಯ್ಯಲ್. ಮಡಿದವನ ಮನೆಯವರಿಗೆ ಭೂಮಿ ಕೊಡುವ ವಾಡಿಕೆಯೂ ಇದ್ದು, ಅದಕ್ಕೆ ನೆತ್ತರುಗೊಡಗೆ, ಅಂದರೆ ರಕ್ತಕ್ಕೆ ಪ್ರತಿಯಾದ ಕೊಡುಗೆ, ಎಂದು ಹೆಸರು. ತುರು ಎಂದರೆ ಹಸು. ತುರುವೇಕೆರೆ ಎಂಬ ಹೆಸರಿನಲ್ಲಿ ಆ ಹಸು ಇಂದಿಗೂ ಕೇಳಿಸುತ್ತದೆ, ದಂಡಿನಶಿವರ ಎಂಬಲ್ಲಿ ದಂಡೂ ಕೇಳಿಸುತ್ತದೆ.

ಕಡಲು ಕೇಳಿಸದಿರುವುದೇ ಸದ್ಯದ ತಕರಾರು. ಆದರೆ ಕನ್ನಡದ ಅರಸರಿಗೆ ಕಡಲು ಅಪರಿಚಿತವಾಗಿರಲಿಲ್ಲ. ಕ್ರಿ.ಶ. 634ರ ಐಹೊಳೆ ಶಾಸನವು ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು ಹೊಗಳುತ್ತದೆ. ಮುಂಬಯಿಯ ಬೋರಿವಲಿಗೆ ಸೇರಿದ ಎಕ್ಸಾರ್‌ನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳ ಮೇಲೆ ಹುಟ್ಟುಗಳ ಸಾಲು ಹೊತ್ತ ಹಡಗುಗಳು ಕಾದಾಡುತ್ತಿವೆ. ಗೋವೆಯ ಕದಂಬರ ಕಾಲದ ಹಡಗಿನ ವೀರಗಲ್ಲುಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ನೌಕಾನೆಲೆಗೆ ಕದಂಬ ಎಂದೇ ಹೆಸರಿಟ್ಟಿದ್ದಾರೆ. ಭಟ್ಕಳದಲ್ಲಿ 1630ರ ದಶಕದ ಇಂಗ್ಲಿಷ್ ವರ್ತಕರ ಗೋರಿಗಳಿದ್ದು, ಹಡಗೇರಿ ಬಂದ ಆ ಪರದೇಶಿಗಳ ಹೆಸರನ್ನೂ ಕನ್ನಡದ ನೆಲದ ಕಲ್ಲು ಹೊತ್ತುಕೊಂಡಿದೆ. ಇಷ್ಟನ್ನೂ ಅರ್ಜಿಯ ಜೊತೆ ಎರಡು ಪುಟಗಳಲ್ಲಿ ಬರೆದು ಲಗತ್ತಿಸಲಾಗಿತ್ತು. ಆ ಎರಡು ಪುಟಗಳ ಹಿಂಬದಿಯಲ್ಲಿ ಯಾರೋ ಕಾಫಿಯ ಲೆಕ್ಕ ಬರೆದಿರುವುದರಿಂದ ಅವು ಉಪಯೋಗಕ್ಕೆ ಬಂದಿಲ್ಲವೆಂದು ಹೇಳಲಾಗದು.

ಅರ್ಜಿದಾರನ ಚಿಕ್ಕಪ್ಪ ತೆಂಗಿನ ಸೀಮೆಯಲ್ಲಿ ಹುಟ್ಟಿ, ಹಡಗಿನ ಕೆಲಸಕ್ಕೆ ಸೇರಿ, ಕಡಲಿನಲ್ಲಿಯೇ ಉಳಿದವರು. ಊರ ಗುಂಡುತೋಪಿನಲ್ಲಿ ಹಳೆಯ ವೀರಗಲ್ಲುಗಳು ಮೂರಿವೆ. ನಾಲ್ಕನೆಯದನ್ನು ಅವುಗಳ ಪಕ್ಕದಲ್ಲಿ, ಸ್ವಂತ ಖರ್ಚಿನಲ್ಲಿ, ನಿಲ್ಲಿಸಬೇಕೆಂಬುದಷ್ಟೇ ಕೋರಿಕೆ. ನಿನ್ನೆ ಬಂದ ಹಿಂಬರಹದ ಸಾರವಿಷ್ಟು: ಮೃತರ ಅಂತ್ಯಸಂಸ್ಕಾರ ನಡೆದ ಸ್ಥಳದ ಗ್ರಾಮ, ಹೋಬಳಿ ಮತ್ತು ತಾಲ್ಲೂಕನ್ನು ನಮೂದಿಸದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಇಲ್ಲಿ ಹೋಬಳಿ ಎಂಬ ಪದದ ವಿವರಣೆ ಅಗತ್ಯ. ತಾಲ್ಲೂಕಿಗಿಂತ ಚಿಕ್ಕದಾದ, ಗ್ರಾಮಕ್ಕಿಂತ ದೊಡ್ಡದಾದ ಕಂದಾಯದ ಘಟಕವೇ ಹೋಬಳಿ. ನಮ್ಮ ತೆಂಗಿನ ಸೀಮೆಯ ಮೂರು ತಾಲ್ಲೂಕುಗಳ ಹೋಬಳಿಗಳು ಇವು: ತಿಪಟೂರಿಗೆ ಕಸಬಾ, ಹೊನ್ನವಳ್ಳಿ, ಕಿಬ್ಬನಹಳ್ಳಿ, ನೊಣವಿನಕೆರೆ. ತುರುವೇಕೆರೆಗೆ ಕಸಬಾ, ದಂಡಿನಶಿವರ, ಮಾಯಸಂದ್ರ, ದಬ್ಬೇಘಟ್ಟ. ಚಿಕ್ಕನಾಯಕನಹಳ್ಳಿಗೆ ಕಸಬಾ, ಶೆಟ್ಟಿಕೆರೆ, ಕಂದಿಕೆರೆ, ಹುಳಿಯಾರು, ಹಂದನಕೆರೆ. ಈ ಪಟ್ಟಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ಅರಬ್ಬೀ ಸಮುದ್ರ ಸಿಗುವುದಿಲ್ಲ. ಅರ್ಜಿಯ ಆ ಅಂಕಣದಲ್ಲಿ ಅರ್ಜಿದಾರನು ‘ಅರಬ್ಬೀ ಸಮುದ್ರ’ ಎಂದೇ ಬರೆದಿದ್ದನು. ವಿಷಯ ನಿರ್ವಾಹಕರು ಅದನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, “ಹೋಬಳಿ ಇಲ್ದೆ ಕಂಪ್ಯೂಟ್ರು ಮುಂದಕ್ಕೆ ಹೋಗಲ್ಲ ಯಜಮಾನ್ರೇ, ಹತ್ತಿರದ್ದು ಯಾವ್ದಾದ್ರೂ ಹೇಳಿ” ಎಂದರು. ಸಮುದ್ರಕ್ಕೆ ಹತ್ತಿರದ ಹೋಬಳಿ ಈ ಮೂರು ತಾಲ್ಲೂಕುಗಳಲ್ಲಿ ಯಾವುದೆಂಬ ಪ್ರಶ್ನೆಯನ್ನು ಭೂಗೋಳಶಾಸ್ತ್ರಜ್ಞರು ಇದುವರೆಗೆ ಎತ್ತಿಕೊಂಡಿಲ್ಲ.

ಹೊಯ್ಸಳರ ಕಾಲದಲ್ಲಾದರೆ ಇದಕ್ಕೊಂದು ದಾರಿಯಿತ್ತು. ಒಳನಾಡಿನ ಜನ ದೊಡ್ಡ ಕೆರೆಯನ್ನೇ ಸಮುದ್ರವೆಂದು ಕರೆಯುತ್ತಿದ್ದರು, ರಾಜಧಾನಿಯ ಹೆಸರೇ ದೋರಸಮುದ್ರ. ಕೆರೆಯನ್ನು ಸಮುದ್ರವೆಂದು ಒಪ್ಪಿಕೊಂಡ ನಾಡಿನಲ್ಲಿ ಈಗ ಸಮುದ್ರವನ್ನು ಸಮುದ್ರವೆಂದು ಒಪ್ಪಿಸಲು ದಾಖಲೆ ಬೇಕಾಗಿದೆ. ಮೂರನೆಯ ಭೇಟಿಯಲ್ಲಿ ಅಂತ್ಯಸಂಸ್ಕಾರದ ಸ್ಥಳದ ಚಕ್ಕುಬಂದಿಯನ್ನೂ ಕೇಳಲಾಯಿತು; ಚಕ್ಕುಬಂದಿ ಎಂದರೆ ಒಂದು ಜಾಗದ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ನೀರು, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ನೀರು, ದಕ್ಷಿಣಕ್ಕೆ ನೀರು ಎಂದು ಬರೆದುಕೊಟ್ಟದ್ದಕ್ಕೆ, ಅಕ್ಕಪಕ್ಕದ ಹಿಡುವಳಿದಾರರ ಹೆಸರು ಬಿಟ್ಟುಹೋಗಿದೆ ಎಂಬ ಷರಾ ಬಂದಿತು. ಸ್ಥಳ ಮಹಜರಿಗೆ ದಿನ ಗೊತ್ತುಮಾಡುವುದೊಂದೇ ಬಾಕಿ. ದೋಣಿಯ ಬಾಡಿಗೆಯನ್ನು ಯಾರು ಕೊಡಬೇಕೆಂಬುದನ್ನು ದಯಮಾಡಿ ಮುಂಚಿತವಾಗಿ ತಿಳಿಸಬೇಕು.

ಈ ಅವಧಿಯನ್ನು ತೆಂಗಿನ ಸೀಮೆಯ ಅಳತೆಯಲ್ಲಿ ಹೇಳುವುದಾದರೆ ಹೀಗೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ 11 ತಿಂಗಳು ಬಿಟ್ಟರೆ, ಒಳಗಿನ ನೀರು ಬತ್ತಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಗಡಗಡ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಅರ್ಜಿ ಕೊಟ್ಟ ವಾರ ಅಟ್ಟಕ್ಕೇರಿದ ಕಾಯಿ ಈಗ ಕೊಬ್ಬರಿಯಾಗಿ ಇಳಿದಿದೆ. ಅರ್ಜಿಯನ್ನು ಮಾತ್ರ ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ಕಚೇರಿಗೆ ಬಂದ ನಾಲ್ಕು ಸಲದಲ್ಲಿ ಎರಡು ಸಲ ತಿಪಟೂರು ಮಾರುಕಟ್ಟೆಯ ಹರಾಜಿನ ದಿನವಾಗಿತ್ತೆಂಬುದನ್ನು ಅರ್ಜಿದಾರನ ಮನೆಯವರು ಇನ್ನೂ ಮರೆತಿಲ್ಲ, ಮರೆಯುವ ಲಕ್ಷಣವೂ ಇಲ್ಲ.

ಈ ಸಂದರ್ಭದಲ್ಲಿ ಕಾಳಿಯನ್ನು ನೆನೆಯುವುದು ಅನಿವಾರ್ಯ. ಕಾಳಿ ಎಂಬುದು ಒಂದು ನಾಯಿ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮೇಲೆ, ಗಂಗ ಬೂತುಗನ ವೀರನಾದ ಮಣಲೇರನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಬೇಡಿ ಪಡೆದದ್ದು ಈ ನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಎರಡೂ ಸತ್ತವು. ಅದಕ್ಕಾಗಿ ಇಂದಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರಲ್ಲಿ ಕಲ್ಲು ನಿಂತಿತು, ಪೂಜೆಗೆ ಕೆರೆಯ ಕೆಳಗಿನ ಭೂಮಿ ಬಂದಿತು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುವುದೆಂದೂ ಬರೆಯಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಕಾಳಿಯ ಮೇಲೆ ಯಾರಿಗೂ ಅಸೂಯೆಯಿಲ್ಲ. ಅದು ಸತ್ತದ್ದು ನೆಲದ ಮೇಲಾದ್ದರಿಂದ ಅದರ ಹೋಬಳಿ ಸ್ಪಷ್ಟವಾಗಿತ್ತು.

ಹೊರಗಿನವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರೆಂಬುದೂ ತಿಳಿಯತಕ್ಕದ್ದು. 1917ರಲ್ಲಿ ಸ್ಥಾಪನೆಯಾಗಿ ಮುಂದೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೆಂದು ಹೆಸರಾದ ಸಂಸ್ಥೆಯು, ಮಡಿದ ಪ್ರತಿಯೊಬ್ಬರ ಹೆಸರೂ ಎಲ್ಲಾದರೂ ಉಳಿಯಬೇಕು, ಅಧಿಕಾರಿಗೊಂದು ನಾವಿಕನಿಗೊಂದು ಎಂಬ ಭೇದ ಕೂಡದು ಎಂದು ನಿಶ್ಚಯಿಸಿತು. ಹೆಣ ಸಿಗದ ನಾವಿಕರಿಗಾಗಿ ಇಂಗ್ಲೆಂಡಿನ ಚಾಥಮ್, ಪೋರ್ಟ್ಸ್‌ಮತ್, ಪ್ಲಿಮತ್ ಬಂದರುಗಳಲ್ಲಿ ಎತ್ತರದ ಸ್ತಂಭಗಳು ಎದ್ದು, ಅವು ಹಡಗುಗಳಿಗೆ ದಿಕ್ಕಿನ ಗುರುತಾಗಿಯೂ ಒದಗಲಿ ಎಂದು ಯೋಚಿಸಲಾಯಿತು. ಮುಂಬಯಿಯ ಭಾರತೀಯ ನಾವಿಕರ ವಸತಿಗೃಹದಲ್ಲಿ ಮೊದಲ ಮಹಾಯುದ್ಧದ 2000ಕ್ಕೂ ಹೆಚ್ಚು, ಎರಡನೆಯದರ 6000ಕ್ಕೂ ಹೆಚ್ಚು ನಾವಿಕರ ನೆನಪನ್ನು ಇರಿಸಲಾಗಿದ್ದು, ಎರಡನೆಯ ಯುದ್ಧದ ಹೆಸರುಗಳ ಪುಸ್ತಕದ ಮತ್ತೊಂದು ಪ್ರತಿ ಚಿತ್ತಗಾಂಗಿನಲ್ಲಿದೆ. ಕೊಲ್ಕತ್ತದಲ್ಲಿ 1924ರ ಲಸ್ಕರ್ ಸ್ಮಾರಕವು ಬಂಗಾಳ ಮತ್ತು ಅಸ್ಸಾಮಿನ 896 ಮಂದಿ ಹಡಗಾಳುಗಳದು. ಲಸ್ಕರ್ ಎಂದರೆ ಬ್ರಿಟಿಷ್ ಹಡಗುಗಳಲ್ಲಿ ಬೆವರು ಸುರಿಸಿದ ನಮ್ಮ ಕಡೆಯ ಕೂಲಿ ನಾವಿಕ. ಅವನು ಬದುಕಿದ್ದಾಗ ಪರಕೀಯ ಸರ್ಕಾರವೊಂದು ಅವನಿಗೆ ಕೊಟ್ಟದ್ದು ಅಷ್ಟಕ್ಕಷ್ಟೇ; ಸತ್ತ ಮೇಲೆ ಅವನ ಹೋಬಳಿಯನ್ನಂತೂ ಕೇಳಲಿಲ್ಲ.

ಸ್ವತಂತ್ರ ಭಾರತವೂ ಕೇಳಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯು ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿದಾಗ 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಡದೆ ಅದರೊಡನೆಯೇ ಮುಳುಗಿದರು, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ದೀವ್‌ನ ಕಡಲತಡಿಯಲ್ಲಿ ಗಾಜಿನೊಳಗೆ ಆ ಹಡಗಿನ ಮಾದರಿಯನ್ನಿಟ್ಟ ಸ್ಮಾರಕವಿದೆ. 194 ಜನರಿಗೆ ಸೇರಿ ಒಂದೇ ಸಮಾಧಿ, ಅದೂ ನೀರಿನದು. ಅದರ ಚಕ್ಕುಬಂದಿಯನ್ನು ಯಾರೂ ಬರೆಸಿಕೊಂಡಿಲ್ಲ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಫಲಕಗಳಲ್ಲಿ ನೆಲ, ಜಲ, ವಾಯು ಮೂರೂ ಪಡೆಗಳವರ ಹೆಸರಿದೆ. ಕಲ್ಲು ಬೇಕಾದದ್ದೇ ಗೋರಿಯಿಲ್ಲದವನಿಗೆ. ಗೋರಿಯಿದ್ದವನ ಮನೆಯವರಿಗೆ ವರ್ಷಕ್ಕೊಮ್ಮೆ ಹೂವಿಡಲು ಒಂದು ಜಾಗವಾದರೂ ಇರುತ್ತದೆ. ಗೋರಿಯಿಲ್ಲವೆಂದು ಕಲ್ಲು ಕೇಳಿದವನಿಗೆ ಗೋರಿ ತೋರಿಸಿದರೆ ಕಲ್ಲು ಕೊಡುತ್ತೇವೆ ಎನ್ನುವುದು ಹಸಿದವನಿಗೆ ಮೊದಲು ಊಟ ಮಾಡಿದ ರಸೀದಿ ತಾ ಎಂದಂತೆ.

ಶಾಸ್ತ್ರಗಳು ಬಿಗಿ ಎಂಬ ಮಾತಿದೆ. ಆದರೆ ದೇಹ ಸಿಗದೆ ಸತ್ತವನಿಗೂ ಶಾಸ್ತ್ರದಲ್ಲಿ ವಿಧಿಯುಂಟು: ದರ್ಭೆ, ಮುತ್ತುಗದ ಎಲೆಗಳಿಂದ ಆಳಿನ ಆಕೃತಿ ಮಾಡಿ, ತಲೆಯ ಜಾಗದಲ್ಲಿ ಒಂದು ತೆಂಗಿನಕಾಯಿ ಇಟ್ಟು, ಅದನ್ನೇ ದೇಹವೆಂದು ಭಾವಿಸಿ ಸಂಸ್ಕಾರ ಮಾಡಬಹುದು. ಭಾರತದಲ್ಲಿ ಹೊಸ ಹಡಗು ನೀರಿಗಿಳಿಯುವಾಗ ಒಡೆಯುವುದು ತೆಂಗಿನಕಾಯಿಯನ್ನು. ನೂಲಹುಣ್ಣಿಮೆಯ ದಿನ ಪಶ್ಚಿಮ ಕರಾವಳಿಯ ಮೀನುಗಾರರು ಕಡಲಿಗೆ ಒಪ್ಪಿಸುವುದೂ ಅದನ್ನೇ. ಕಬ್ಬಿಣದ ಮೊಳೆಯಿಲ್ಲದ ಹಳೆಯ ಹಡಗುಗಳ ಹಲಗೆಗಳನ್ನು ಹೊಲಿದದ್ದು ಉಪ್ಪುನೀರಿಗೆ ಬಗ್ಗದ ತೆಂಗಿನ ನಾರಿನ ಹುರಿ. ಯಮಧರ್ಮನ ಲೆಕ್ಕಪತ್ರದಲ್ಲಿ ತಲೆಗೆ ಬದಲಾಗಿ ಸಲ್ಲುವ ಕಾಯಿಯು ಒಂದು ಕಚೇರಿಯ ಲೆಕ್ಕಪತ್ರದಲ್ಲಿ ಹೋಬಳಿಗೆ ಬದಲಾಗಿ ಸಲ್ಲುವುದಿಲ್ಲವೆಂದರೆ, ಕಟ್ಟುನಿಟ್ಟಿನಲ್ಲಿ ಯಮನನ್ನೂ ಮೀರಿಸಿದ ಕೀರ್ತಿ ಆ ಕಚೇರಿಯದು.

ಈ ಪತ್ರದಲ್ಲಿ ಇನ್ನೂ ಐದು ದೂರುಗಳಿರಬೇಕಿತ್ತು: ಟಪಾಲು ವಿಭಾಗದ ಮುಚ್ಚಿದ ಕಿಟಕಿ, ತಿರುಗದ ಫ್ಯಾನು, ಜೆರಾಕ್ಸ್ ಅಂಗಡಿಗೆ ಮೂರು ಸಲದ ಓಡಾಟ, ಸ್ವೀಕೃತಿ ಚೀಟಿ ಕೊಡದಿದ್ದದ್ದು, ಕೂರಲು ಬೆಂಚಿಲ್ಲದೆ ವಯಸ್ಸಾದವರು ಮೆಟ್ಟಿಲ ಮೇಲೆ ಕೂತದ್ದು. ಎಲ್ಲವನ್ನೂ ಆ ಹೋಬಳಿ ನುಂಗಿತು. ವ್ಯಂಗ್ಯವೂ ಇಲ್ಲಿಗೆ ಸಾಕು. ಒಬ್ಬ ಮನುಷ್ಯ ಈ ನೆಲದಲ್ಲಿ ಹುಟ್ಟಿದ್ದು ನಿಜ, ದುಡಿಯಲು ಹೋದದ್ದು ನಿಜ, ಹಿಂತಿರುಗಲಿಲ್ಲವೆಂಬುದು ನಿಜ. ಅವನ ತಾಯಿ ಸಾಯುವವರೆಗೂ ಬಾಗಿಲಿಗೆ ಅಗುಳಿ ಹಾಕದೆ ಮಲಗಿದಳು. ಇದನ್ನು ಯಾವ ಅಂಕಣದಲ್ಲಿ ತುಂಬಬೇಕೆಂದು ಕೇಳಿದಾಗ ಕೌಂಟರಿನ ಆಚೆಯಿಂದ ನಗು ಬಂದಿತು. ಆ ನಗು ತಪ್ಪು. ಅದಕ್ಕೆ ಶಾಸನದ ಭಾಷೆಯಲ್ಲಿ ಕಾಳಿಯ ಕಲ್ಲಿನ ಆ ನಾಯಿಯ ಪಾಪದ ಸಾಲೇ ಸರಿಯಾದ ಉತ್ತರ.

ಈಗಿನ ಸ್ಥಿತಿ ಹೀಗಿದೆ. ಕಲ್ಲುಗಣಿಯಿಂದ ತಂದ ಚಪ್ಪಡಿಯು ಅನುಮತಿಯಿಲ್ಲದೆ ಗುಂಡುತೋಪಿಗೆ ಹೋಗಲಾಗದೆ, ತೋಟದ ಪಂಪ್‌ಸೆಟ್ ತೊಟ್ಟಿಯ ಬಳಿ ಮಲಗಿದ್ದು, ಮನೆಯ ಹೆಂಗಸರು ಅದರ ಮೇಲೆ ಬಟ್ಟೆ ಒಗೆಯತೊಡಗಿದ್ದಾರೆ. ನಾಡಿನ ಎಷ್ಟೋ ವೀರಗಲ್ಲುಗಳು ಒಗೆಯುವ ಕಲ್ಲಾಗಲು ನೂರಾರು ವರ್ಷ ತೆಗೆದುಕೊಂಡಿವೆ; ಇದು ಕೆತ್ತುವುದಕ್ಕೂ ಮುಂಚೆ ಅಲ್ಲಿಗೆ ತಲುಪಿದೆ. ಕಚೇರಿಯ ಈ ಚುರುಕುತನಕ್ಕೆ ವಂದನೆ. ತೊಟ್ಟಿಯಲ್ಲಿ ನೀರಿದೆ, ಕಲ್ಲು ನೀರಿನ ಪಕ್ಕದಲ್ಲಿದೆ, ತೋಟಕ್ಕೆ ಪಹಣಿಯಿದೆ, ಸರ್ವೆ ನಂಬರಿದೆ, ಮುಖ್ಯವಾಗಿ ಹೋಬಳಿಯಿದೆ. ಮಾನ್ಯರು ಇಷ್ಟಪಟ್ಟರೆ ಆ ತೊಟ್ಟಿಯನ್ನೇ ಅರಬ್ಬೀ ಸಮುದ್ರವೆಂದು ಬರೆದುಕೊಂಡು ಕಡತವನ್ನು ಮತ್ತೆ ತೆರೆಯಬಹುದು.

ಇತಿ,
ಅರ್ಜಿದಾರ

ಅಡಕ: ಸುಲಿದ ತೆಂಗಿನಕಾಯಿ, 1. (ತಲೆಯ ಬದಲಿಗೆ. ಚಟ್ನಿಗೆ ಬಳಸಬಾರದಾಗಿ ವಿನಂತಿ.)