ನಲವತ್ತು ದಾಟಿದ ಕಣ್ಣು

ರಾಯಚೂರಿನವರಿಗೆ ನಲವತ್ತು ಅಂದರೆ ಎರಡು ಕಾಟ. ಒಂದು ಬೇಸಿಗೆ ಬಿಸಿಲಿನದು, ಇನ್ನೊಂದು ಚಾಳೀಸಿನದು. ಬಿಸಿಲು ನಲವತ್ತು ದಾಟಿದ್ದನ್ನು ಊರಿಗೆ ಊರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ವಯಸ್ಸು ದಾಟಿದ್ದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಅದನ್ನು ಬಯಲಿಗೆಳೆಯುವುದು ಚಹಾದಂಗಡಿಯ ಪೇಪರು. ಮೂಗಿನ ಹತ್ತಿರವಿದ್ದ ಪೇಪರು ವರ್ಷದಿಂದ ವರ್ಷಕ್ಕೆ ದೂರ ಸರಿದು, ಕೊನೆಗೆ ತೋಳೇ ಸಾಲದಾಗುತ್ತದೆ. ಆಗಲೂ ತಪ್ಪು ಕಣ್ಣಿನದಲ್ಲ. “ಕಾಗದ ಉಳಸಾಕಂತ ಅಕ್ಷರ ಸಣ್ಣ ಮಾಡ್ಯಾರ್ರೀ” ಎಂಬ ತೀರ್ಪು ಹೊರಬೀಳುತ್ತದೆ.

ಪೇಪರಿನವರ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಕಣ್ಣಿನ ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯಾ ಮುಗಿಸಿಬಿಡುತ್ತದೆ. ಉಳಿದ ನಾಜೂಕಿನ ಕೆಲಸ ಒಳಗಿನ ಮಸೂರದ್ದು. ಹತ್ತಿರದ್ದನ್ನು ನೋಡುವಾಗ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಮಸೂರವನ್ನು ಹಿಡಿದ ಎಳೆಗಳು ಸಡಿಲಾಗುತ್ತವೆ, ಅದು ಉಬ್ಬುತ್ತದೆ. ಈ ಮಸೂರಕ್ಕೆ ಒಂದು ಹಳೆಯ ಚಟ: ಪದರದ ಮೇಲೆ ಪದರ ಬೆಳೆಸುತ್ತದೆ, ಹಳೆಯದೊಂದನ್ನೂ ಬಿಸಾಡುವುದಿಲ್ಲ. ಗಟ್ಟಿಯಾಗುತ್ತ ಆಗುತ್ತ ನಲವತ್ತರ ಆಸುಪಾಸಿನಲ್ಲಿ ಉಬ್ಬಲಿಕ್ಕೆ ತಕರಾರು ತೆಗೆಯುತ್ತದೆ. ಹತ್ತು ವರ್ಷದ ಹುಡುಗ ಏಳೆಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಓದಬಲ್ಲ. ಅಪ್ಪನ ಮೊಬೈಲಿಗೆ ಬಂದ ಬ್ಯಾಂಕಿನ ಮೆಸೇಜು ಓದಿ ಹೇಳುವ ನೌಕರಿ ಅವನಿಗೆ ಸಿಗುವುದು ಹೀಗೆ.

ದೇವದುರ್ಗದ ಕಡೆ ಹತ್ತಿ ಬಿಡಿಸುವವರಿಗೆ, ಕುರಿ ಕಾಯುವವರಿಗೆ ಪೇಪರಿನ ಚಿಂತೆಯಿಲ್ಲ. ಅವರನ್ನು ಕಾಡುವುದು ಟೆರಿಜಿಯಂ. ಬಿಸಿಲು, ಧೂಳು ವರ್ಷಗಟ್ಟಲೆ ಬಡಿದರೆ ಸಾಮಾನ್ಯವಾಗಿ ಮೂಗಿನ ಬದಿಯಿಂದ ಕರಿಗುಡ್ಡೆಯತ್ತ ಮಾಂಸದ ಪದರವೊಂದು ತೆವಳುತ್ತದೆ. ಕರಿ ಚಷ್ಮಾ ಹಾಕಿದರೆ ಎಷ್ಟೋ ಅನುಕೂಲ. ಆದರೆ ಕರಿ ಚಷ್ಮಾ ಹಾಕಿಕೊಂಡು ಕುರಿ ಹಿಂದೆ ಹೊರಟವನನ್ನು ಊರು ಸುಮ್ಮನೆ ಬಿಡಬೇಕಲ್ಲ!

ಮಾನ್ವಿಯಲ್ಲಿ ತುಂಗಭದ್ರಾ ಕಾಲುವೆಯ ಭತ್ತವಿದೆ. ಅದರ ಗರಿಯೋ ಹೊಟ್ಟೋ ಕಣ್ಣಿಗೆ ಗೀರಿದರೆ ಶಿಲೀಂಧ್ರ ಸೇರಿ ಕಾರ್ನಿಯಾ ಹುಣ್ಣಾಗಬಹುದು. ಇಲ್ಲಿ ತಮಾಷೆ ಸಾಕು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದೂ ಬೇಡ; ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಂದ ಸ್ಟಿರಾಯ್ಡ್ ಹನಿಯಂತೂ ಬೇಡವೇ ಬೇಡ. ಅದರಿಂದ ಶಿಲೀಂಧ್ರಕ್ಕೆ ಹಬ್ಬ, ಕಣ್ಣಿಗೆ ಕುತ್ತು.

ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣೊರೆಸಿಕೊಂಡವರು ಕುಣಿಯುವುದಕ್ಕೂ ವಿಜ್ಞಾನವಿದೆ. ಸುಮಾರು 43 ಡಿಗ್ರಿ ಬಿಸಿಯನ್ನು ನರಕ್ಕೆ ತಿಳಿಸುವ ಗ್ರಾಹಕವೇ ಮೆಣಸಿನಕಾಯಿಯ ಖಾರಕ್ಕೂ ಓಗೊಡುತ್ತದೆ. ಇದನ್ನು ಪತ್ತೆಹಚ್ಚಿದ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪಾಲು ಬಂತು. ಮೇ ತಿಂಗಳೂ ಮೆಣಸಿನಕಾಯಿಯೂ ಒಂದೇ ಜಾತಿಯವೆಂದು ರಾಯಚೂರಿನಲ್ಲಿ ಯಾರನ್ನು ಕೇಳಿದ್ದರೂ ಪುಕ್ಕಟೆ ಹೇಳುತ್ತಿದ್ದರು.

ಇನ್ನು ಕಣ್ಣಿನ ಪೊರೆ. ಮಸೂರದ ಪ್ರೋಟೀನು ಕೆಟ್ಟು ಮಬ್ಬಾಗುವ ಈ ತೊಂದರೆಗೆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿದರು; ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಆಗೆಲ್ಲ ಮಸೂರ ತೆಗೆದರೆ ಸೋಡಾ ಬಾಟಲಿಯ ತಳದಂಥ ಚಷ್ಮಾವೇ ಗತಿ. ಹ್ಯಾರಲ್ಡ್ ರಿಡ್ಲಿ ಲಂಡನ್ನಿನಲ್ಲಿ 1949ರಲ್ಲೇ ಕಣ್ಣೊಳಗೆ ಕೃತಕ ಮಸೂರ ಇಟ್ಟಿದ್ದರೂ ಅದು ನಮ್ಮ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದವು. ಈಗ ಆಪರೇಷನ್ ಮುಗಿಯಲು ಬಹಳ ಹೊತ್ತು ಬೇಕಿಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಕಣ್ಣು.

ಅದರ ಪರಿಣಾಮ ಅನುಭವಿಸುವವರು ಮನೆಯ ಸೊಸೆಯಂದಿರು. ಹಳದಿಗಟ್ಟಿದ ಮಸೂರ ಹೋದ ಮೇಲೆ ಅತ್ತೆಗೆ ನೀಲಿ ಬಣ್ಣ ನಿಚ್ಚಳ, ಜಂತಿಯ ಜೇಡರಬಲೆಯೂ ನಿಚ್ಚಳ, ಗೋಡೆಯ ಮಸಿಯೂ ನಿಚ್ಚಳ. “ಸುಣ್ಣ ಹಚ್ಚಿ ಎಷ್ಟು ವರ್ಷ ಆತವಾ?” ಎಂಬ ವಿಚಾರಣೆ ಶುರು. ಹಿಂದೆಯೇ ಸೊಸೆಯದು ಡಾಕ್ಟರಿಗೆ ಅರ್ಜಿ: “ಸರ್, ಅತ್ತೀದು ಇನ್ನೊಂದ್ ಕಣ್ಣು ಯುಗಾದಿ ಕಳದ ಮ್ಯಾಲ ಇಟ್ಕೊಂಡ್ರ ನಡೀತದೇನ್ರಿ?”