ಜೀರ್ಣಮಾರುಕಟ್ಟೆ ಮೀಮಾಂಸೆ

ಮಧ್ಯಮ ಗಾತ್ರದ ನಗರ ಯಾವುದೆಂದು ಪೂರ್ವಸೂರಿಗಳು ನಿರ್ಣಯಿಸದೆ ಹೋದದ್ದರಿಂದ ಆ ಭಾರ ನಮ್ಮ ಹೆಗಲಿಗೆ ಬಿದ್ದಿದೆ. ಮಾಲ್ ಕಟ್ಟಿಸುವಷ್ಟು ದುಡ್ಡಿದ್ದು, ಕಟ್ಟಿದ ಮಾಲನ್ನು ಸೋಮವಾರ ಮಧ್ಯಾಹ್ನ ತುಂಬಿಸುವಷ್ಟು ಜನವಿಲ್ಲದ ಊರು ಮಧ್ಯಮ ಗಾತ್ರದ್ದು. ಇದು ಮುಖ್ಯ ಲಕ್ಷಣ. ಉಪಲಕ್ಷಣವೂ ಒಂದಿದೆ: 'ಮಾರ್ಕೆಟ್‌ಗೆ ಹೋಗಿ ಬರ್ತೀನಿ' ಎಂದು ಹೊರಟವರನ್ನು 'ಯಾವ ಮಾರ್ಕೆಟ್' ಎಂದು ಮನೆಯಲ್ಲಿ ಯಾರೂ ಕೇಳಕೂಡದು. ಅವ್ಯಾಪ್ತಿ ಅತಿವ್ಯಾಪ್ತಿಗಳ ದೋಷವಿಲ್ಲದೆ ಎರಡೂ ಲಕ್ಷಣಗಳು ಕೂಡಿಬರುವ ಊರು ಮೈಸೂರು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸು. ಆದ್ದರಿಂದ ಈ ಮೀಮಾಂಸೆಗೆ ಮೈಸೂರೇ ಕ್ಷೇತ್ರ. ಹಳೆಯ ಪೇಟೆಯನ್ನು ಹೊಸದು ಮಾಡುವುದು ಹೇಗೆಂಬುದು ವಿಷಯ. ಹೊಸದಾಗದೆ ಉಳಿದರೂ ಕಡತ ಬೆಳೆಯುವುದು ಪ್ರಯೋಜನ. ಇನ್ನು ಅಧಿಕಾರಿ ಯಾರು? ಬೇರೆ ಶಾಸ್ತ್ರಗಳಲ್ಲಿ ಶಮದಮಾದಿ ಗುಣಗಳುಳ್ಳವನು. ಇಲ್ಲಿ ಎರಡು ವರ್ಷಕ್ಕೊಮ್ಮೆ ವರ್ಗವಾಗುವವನು.

ಕ್ಷೇತ್ರವನ್ನು ನಡೆದೇ ನೋಡಬೇಕು, ಏಕೆಂದರೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಅರಮನೆ ಕಡೆಯಿಂದ ಬಂದರೆ ಮೊದಲು ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ ನೆನಪಿಗೆ 1927ರಲ್ಲಿ ಎದ್ದದ್ದು. ಮುಂದೆ ಚಿಕ್ಕ ಗಡಿಯಾರ, ವೈಸ್‌ರಾಯ್ ಡಫರಿನ್ ಹೆಸರಿನದು. ಅದರ ಬಳಿಯಿಂದ ಧನ್ವಂತರಿ ರಸ್ತೆಯವರೆಗೆ, ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲಿ ಉದ್ದಕ್ಕೆ ಮಲಗಿರುವುದು ದೇವರಾಜ ಮಾರುಕಟ್ಟೆ. ಹತ್ತಿರದಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ. ಆ ಹೆಸರಿನ ವೈಸ್‌ರಾಯ್ 1892ರಲ್ಲಿ ಬಂದುಹೋದ ಗುರುತು. ಆ ಕಾಲದಲ್ಲಿ ದೊಡ್ಡವರು ಬಂದರೆ ಕಟ್ಟಡ ಏಳುತ್ತಿತ್ತು, ಈಗ ವರದಿ ಏಳುತ್ತದೆ. ಪ್ಲೇಗಿನ ಹೊಡೆತಕ್ಕೆ ಊರು ತತ್ತರಿಸಿದ ಮೇಲೆ 1903ರಲ್ಲಿ ನಗರ ಸುಧಾರಣೆಗೆಂದೇ ಮೈಸೂರಿನಲ್ಲೊಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ಅದು ರಸ್ತೆ ಅಗಲಿಸಿತು, ಚರಂಡಿ ತೋಡಿತು, ಬಡಾವಣೆ ಎಬ್ಬಿಸಿತು. ಅಷ್ಟೊಂದು ಕೆಲಸ ಮಾಡಿಬಿಟ್ಟದ್ದರಿಂದ ಅದನ್ನು ನಮ್ಮ ಶಾಸ್ತ್ರಕ್ಕೆ ಪ್ರಮಾಣವಾಗಿ ಸ್ವೀಕರಿಸಲಾಗದು.

ಮೊದಲು ಆಯುಸ್ಸಿನ ವಿಚಾರ. ಮಾಲ್ ಎಂಬುದು ಅಲ್ಪಾಯು. ಬೆಂಗಳೂರಿನ ಕೋರಮಂಗಲದಲ್ಲಿ 2004ರಲ್ಲಿ ಫೋರಂ ತೆರೆದಾಗ ಮೈಸೂರಿನವರು ಚೆಡ್ಡಿ ಹುಡುಗರನ್ನು ಕರೆದುಕೊಂಡು ಹೋಗಿ ಎಸ್ಕಲೇಟರ್ ತೋರಿಸಿದ್ದುಂಟು. ಆ ಹುಡುಗರಿಗೆ ಮದುವೆಯಾಗುವ ವೇಳೆಗೆ ಮಾಲ್ ಹಳೆಯದಾಗಿ, ಕೈ ಬದಲಾಗಿ, ನೆಕ್ಸಸ್ ಎಂದು ಹೊಸ ನಾಮಕರಣ ಮಾಡಿಸಿಕೊಂಡಿತ್ತು. ಮೈಸೂರಿನ ಫೋರಂಗೂ ಅದೇ ಸಂಸ್ಕಾರ ನಡೆಯಿತು. ಪುನರಭಿವೃದ್ಧಿಯ ಪ್ರಕಾರಗಳಲ್ಲಿ ಅತ್ಯಂತ ಅಗ್ಗದ್ದು ನಾಮಾಂತರ, ಇಟ್ಟಿಗೆ ಬೇಡ, ಬೋರ್ಡ್ ಸಾಕು.

ಮಾಲ್ ಬೇಗ ಮುಪ್ಪಾಗುವುದಕ್ಕೆ ಕಾರಣ ಬಲ್ಲವರಿಗೆ ಗೊತ್ತು: ಇಡೀ ಮಾಲು ಒಂದೆರಡು ದೊಡ್ಡ ಅಂಗಡಿಗಳ ಆಸರೆಯಲ್ಲಿ ನಿಂತಿರುತ್ತದೆ. ಅವಕ್ಕೆ 'ಆಂಕರ್' ಎಂದು ಹೆಸರು. ಬೇಳೆಗೆಂದೋ ಬಕೆಟ್ಟಿಗೆಂದೋ ಆಂಕರಿಗೆ ಬಂದವರು ದಾರಿಯಲ್ಲಿ ಚಿಕ್ಕ ಅಂಗಡಿಗಳಿಗೂ ಇಣುಕುತ್ತಾರೆ, ಅದಕ್ಕೇ ಚಿಕ್ಕವರು ಚದರಡಿಗೆ ಹೆಚ್ಚು ಬಾಡಿಗೆ ಕೊಡುತ್ತಾರೆ. ಆಂಕರು ಎದ್ದು ನಡೆದರೆ ಉಳಿದವರು ಖಾಲಿ ಅಂಗಳ ಕಾಯಬೇಕು. 2022ರಲ್ಲಿ ಬಿಗ್ ಬಜಾರ್ ದೇಶದ ತುಂಬ ಬಾಗಿಲೆಳೆದಾಗ ಎಷ್ಟೋ ಮಾಲುಗಳು ಇದನ್ನು ಅನುಭವಿಸಿದವು. ಎಂಟುನೂರಕ್ಕೂ ಹೆಚ್ಚು ಅಂಗಡಿಗಳಿರುವ ದೇವರಾಜ ಮಾರುಕಟ್ಟೆಯಲ್ಲಿ ಆಂಕರ್ ಯಾರು ಎಂದು ವಿಚಾರಿಸಿದೆವು. ಬಾಳೆಹಣ್ಣಿನವರು ಹೂವಿನವರ ಕಡೆ ಕೈ ತೋರಿಸಿದರು, ಹೂವಿನವರು ವೀಳ್ಯದೆಲೆಯವರ ಕಡೆ, ವೀಳ್ಯದೆಲೆಯವರು ತೆಂಗಿನಕಾಯಿಯವರ ಕಡೆ. ಅಂದರೆ ಒಂದು ಸತ್ಯನಾರಾಯಣ ಪೂಜೆ ಇಡೀ ಮಾರುಕಟ್ಟೆಯನ್ನು ಎತ್ತಿಹಿಡಿದಿದೆ. ಪೂಜೆಗೆ ಬಾಡಿಗೆ ಕರಾರು ಮಾಡಿಸುವ ವಿಧಾನ ಯಾವ ಸಲಹಾ ಕಂಪನಿಗೂ ಇನ್ನೂ ಹೊಳೆದಿಲ್ಲ.

ಪಾಶ್ಚಾತ್ಯ ಶಾಖೆಯನ್ನೂ ಉಲ್ಲೇಖಿಸದಿದ್ದರೆ ಪ್ರಬಂಧಕ್ಕೆ ಮಾನ್ಯತೆ ಸಿಗದು. ಆ ಶಾಖೆಯ ಮೂಲಪುರುಷ ವಿಕ್ಟರ್ ಗ್ರೂನ್. ಹಿಟ್ಲರನ ಕಾಟಕ್ಕೆ 1938ರಲ್ಲಿ ವಿಯೆನ್ನಾ ಬಿಟ್ಟು ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ. 1956ರಲ್ಲಿ ಮಿನೆಸೋಟಾದ ಈಡೈನಾದಲ್ಲಿ ಸೌತ್‌ಡೇಲ್ ಎಂಬ, ಪೂರ್ತಿ ಸೂರಿನಡಿಯ ಮಾಲನ್ನು ರೂಪಿಸಿದ. ಹುಟ್ಟೂರಿನ ಬೀದಿಗಳಂಥ ಒಡನಾಟದ ಜಾಗ, ಸುತ್ತ ಮನೆ, ಶಾಲೆ, ಆಸ್ಪತ್ರೆ ಎಂಬುದು ಅವನ ಕನಸು. ಬಂದದ್ದು ಮಾಲು, ಸುತ್ತ ಕಾರು ನಿಲ್ಲಿಸುವ ಬಯಲು. ಇಂಥ ಮಾಲುಗಳು ಊರಾಚೆಗೆ ಗಿರಾಕಿಗಳನ್ನು ಎಳೆದುಕೊಂಡವು. ಹಳೆಯ ಪೇಟೆಬೀದಿಗಳು ಭಣಗುಟ್ಟತೊಡಗಿದವು. ಅದಕ್ಕೆ ಔಷಧ ಕೊಡಲು ಮತ್ತೆ ಗ್ರೂನನನ್ನೇ ಕರೆದರು. ಮಿಷಿಗನ್ನಿನ ಕಲಮಜೂ ಎಂಬ, ನಮ್ಮ ಲಕ್ಷಣಕ್ಕೆ ಹೊಂದುವ ಊರಿನಲ್ಲಿ 1959ರಲ್ಲಿ ಪೇಟೆಬೀದಿಯಿಂದ ಕಾರುಗಳನ್ನು ಹೊರಗಟ್ಟಿ ಗಿಡ ನೆಟ್ಟು ಬೆಂಚು ಹಾಕಿದರು. ಕ್ಯಾಲಿಫೋರ್ನಿಯಾದ ಫ್ರೆಸ್ನೋ 1964ರಲ್ಲಿ ಫುಲ್ಟನ್ ಬೀದಿಯಲ್ಲಿ ಅದನ್ನೇ ಮಾಡಿತು. ಕಾಲ ಕಳೆಯಿತು, ಬೆಂಚುಗಳು ಉಳಿದವು, ಗಿರಾಕಿಗಳು ಉಳಿಯಲಿಲ್ಲ. ಆಗ 1998ರಲ್ಲಿ ಕಲಮಜೂ ತನ್ನ ಬೀದಿಯ ಒಂದು ಭಾಗಕ್ಕೆ ಕಾರುಗಳನ್ನು ಮತ್ತೆ ಬಿಟ್ಟುಕೊಂಡಿತು, 2017ರಲ್ಲಿ ಫ್ರೆಸ್ನೋ ಕೂಡ. ಕಾರು ತೆಗೆದದ್ದೂ ಪುನರುಜ್ಜೀವನ, ತಂದದ್ದೂ ಪುನರುಜ್ಜೀವನ. ಎರಡು ವಿರುದ್ಧ ಕ್ರಿಯೆಗಳಿಗೂ ಒಂದೇ ಫಲ ಹೇಳುವ ಧೈರ್ಯ ನಮ್ಮ ಧರ್ಮಶಾಸ್ತ್ರಗಳಿಗೂ ಇರಲಿಲ್ಲ. ನಮ್ಮವರು ಈ ವಿಷಯದಲ್ಲಿ ಜಾಣರು: ದಸರೆಯಲ್ಲಿ ದೇವರಾಜ ಅರಸು ರಸ್ತೆಗೆ 'ಓಪನ್ ಸ್ಟ್ರೀಟ್ ಫೆಸ್ಟಿವಲ್' ಎಂದು ಕಾರು ತಡೆದು, ಅರ್ಧ ಶತಮಾನ ಕಾಯದೆ ಹಬ್ಬ ಮುಗಿದೊಡನೆ ಬಿಟ್ಟುಬಿಟ್ಟದ್ದುಂಟು.

ವರ್ಮಾಂಟಿನ ಬರ್ಲಿಂಗ್ಟನ್ನಿನದು ಇನ್ನೊಂದು ಕಥೆ. ಅಲ್ಲಿನ ಹೈಸ್ಕೂಲಿನ ಕಟ್ಟಡದಲ್ಲಿ ವಿಷಕಾರಿ ರಾಸಾಯನಿಕ ಪತ್ತೆಯಾಯಿತೆಂದು 2021ರಲ್ಲಿ ಶಾಲೆಯನ್ನು ಪೇಟೆಯಲ್ಲಿ ಮುಚ್ಚಿಹೋಗಿದ್ದ ಮೇಸೀಸ್ ಅಂಗಡಿಗೆ ಸಾಗಿಸಿದರು. ಮಕ್ಕಳು ಎಸ್ಕಲೇಟರ್ ಹತ್ತಿ ಕ್ಲಾಸಿಗೆ ಹೋದರು. ನಮ್ಮ ಕಡೆ ಇದರ ವಿಲೋಮ ಪ್ರಯೋಗ ಬಹಳ ಹಿಂದೆಯೇ ಸಿದ್ಧಿಸಿದೆ, ಕೆಲವು ಶಾಲೆಗಳೇ ಅಂಗಡಿಗಳಾಗಿವೆ.

ಈಗ ಪ್ರಧಾನ ಸೂತ್ರ. 'ಕೆಡವುವುದುಂಟು, ಆದ್ದರಿಂದ ರಿಪೇರಿ ಇಲ್ಲ. ರಿಪೇರಿ ಇಲ್ಲ, ಆದ್ದರಿಂದ ಕೆಡವುವುದುಂಟು.' ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಆಡಳಿತದಲ್ಲಿ ಇದಕ್ಕೆ ಕಾರ್ಯವಿಧಾನ ಎಂದು ಹೆಸರು.

ಸೂತ್ರ ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಹಳೆಯ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣದ ಗೋಡೆ ಮಳೆಗಾಲದಲ್ಲಿ ನೀರು ಕುಡಿದರೂ ಬಿಸಿಲಿಗೆ ಹೊರಹಾಕುತ್ತದೆ, ಮೈಯೆಲ್ಲ ಗೂಡುಗೂಡಾದ ಮೈಸೂರುಪಾಕಿನ ಹಾಗೆ. (ಆ ಮೈಸೂರುಪಾಕನ್ನು ಮೊದಲು ಮಾಡಿದವರೆನ್ನುವ ಕಾಕಾಸುರ ಮಾದಪ್ಪನವರ ವಂಶಸ್ಥರ ಅಂಗಡಿ ಇದೇ ಮಾರುಕಟ್ಟೆಯ ಸಾಲಿನಲ್ಲಿದೆ, ಸಂಶೋಧನೆಯ ಈ ಭಾಗವನ್ನು ನಾವು ಬಹಳ ಶ್ರದ್ಧೆಯಿಂದ ನಡೆಸಿದೆವು.) ಬಿರುಕು ಕಂಡಲ್ಲಿ ಸಿಮೆಂಟ್ ಮೆತ್ತಿದರೆ ಆ ಗೂಡುಗಳೆಲ್ಲ ಮುಚ್ಚುತ್ತವೆ. ಒಳಗೆ ನಿಂತ ನೀರು ಗೋಡೆಯನ್ನು ಒಳಗಿಂದಲೇ ತಿನ್ನುತ್ತದೆ. ಸೂರಿನ ಅಂಚಿಗೆ ಹಕ್ಕಿ ಹಾಕಿದ ಬೀಜದಿಂದ ಅರಳಿ ಗಿಡ ಹುಟ್ಟುತ್ತದೆ. ಅದು ಗೇಣುದ್ದ ಇರುವಾಗ ಒಬ್ಬ ಆಳು, ಒಂದು ಏಣಿ ಸಾಕು. ಆದರೆ ಕೆಡವುವ ಕಟ್ಟಡಕ್ಕೆ ಏಣಿಯ ಖರ್ಚು ಹಾಕಿದರೆ ಆಡಿಟ್‌ನವರು ಬಿಡುತ್ತಾರೆಯೇ? ಅರಳಿ ಬೇರು ಗೋಡೆಯೊಳಗೆ ಇಳಿಯುತ್ತದೆ. ಆಮೇಲೆ ಬರುವ ತಜ್ಞರು ಬಿರುಕಿನ ಫೋಟೋ ತೆಗೆದು 'ಶಿಥಿಲ' ಎಂದು ಬರೆಯುತ್ತಾರೆ. ಬರೆದದ್ದು ಸುಳ್ಳೆನ್ನುವಂತಿಲ್ಲ.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕಗಳಿಗೆ ಹೆಸರಾದ ಕಟ್ಟಡ ಅದು. ಓದುವ ಹುಡುಗರು ಅರ್ಧ ಬೆಲೆಗೆ ಪಠ್ಯಪುಸ್ತಕ ಹುಡುಕುತ್ತಿದ್ದ ಜಾಗ. ಇದರ ಬಗ್ಗೆ ಅಣಕಕ್ಕೆ ಏನೂ ಇಲ್ಲ. ನಾಲ್ಕು ವರ್ಷದ ಬಳಿಕ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಬದಿಯ ಹೆಬ್ಬಾಗಿಲ ಭಾಗವೂ ಕುಸಿಯಿತು. ಅದು ಬಿದ್ದದ್ದು ರಿಪೇರಿ ನಡೆಯುತ್ತಿದ್ದಾಗ.

ಅಲ್ಲಿಂದ ಮುಂದೆ ವಿದ್ವಾಂಸರಲ್ಲಿ ಎರಡು ಪಂಥಗಳಾದವು. ಪತನವಾದಿಗಳ ಪ್ರಕಾರ ಕಟ್ಟಡ ನಿಲ್ಲಲಾರದು, ಕೆಡವಿ ಅದೇ ಚಹರೆಯಲ್ಲಿ ಹೊಸದು ಕಟ್ಟಬೇಕು. ಸ್ಥಿತಿವಾದಿಗಳ ಪ್ರಕಾರ ಬಲ್ಲವರ ಕೈಗೆ ಕೊಟ್ಟರೆ ರಿಪೇರಿಯೇ ಸಾಕು, ಪರಂಪರೆಯ ಕಟ್ಟಡವನ್ನು ಮುಟ್ಟಬಾರದು. ಇಬ್ಬರ ಬಳಿಯೂ ವರದಿಗಳುಂಟು. ವಿವಾದ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ಮೂರನೆಯ ಪಂಥವೊಂದಿದೆ, ಅದಕ್ಕೆ ವರದಿಯಿಲ್ಲ, ಟಾರ್ಪಾಲ್ ಇದೆ. ಮಳೆ ಬಂದರೆ ಕಟ್ಟುತ್ತಾರೆ, ಬಿಸಿಲು ಬಂದರೂ ಕಟ್ಟುತ್ತಾರೆ. ಇಷ್ಟು ವರ್ಷ ಮಾರುಕಟ್ಟೆಗೆ ನಿಜವಾಗಿ ಸೂರು ಒದಗಿಸಿದವರು ಈ ಟಾರ್ಪಾಲ್‌ವಾದಿಗಳೇ. ಯಾವ ಸಮಿತಿಯಲ್ಲೂ ಅವರಿಗೆ ಕುರ್ಚಿ ಇದ್ದಂತೆ ಕಾಣಲಿಲ್ಲ.

ಈ ನಡುವೆ ದಸರೆ ಬರುತ್ತದೆ, ಜಂಬೂ ಸವಾರಿ ಸಯ್ಯಾಜಿರಾವ್ ರಸ್ತೆಯಲ್ಲೇ ಸಾಗುತ್ತದೆ. ಶಿಥಿಲ ಕಟ್ಟಡಗಳ ಮೇಲೆ ಹತ್ತಿ ಮೆರವಣಿಗೆ ನೋಡಬೇಡಿ ಎಂದು ಎಚ್ಚರಿಸುತ್ತಾರೆ. ಒಂದು ದಿನ ಮೇಲೆ ಹತ್ತಬಾರದ ಕಟ್ಟಡದ ಕೆಳಗೆ ಉಳಿದ ದಿನಗಳೆಲ್ಲ ವ್ಯಾಪಾರ ನಡೆಯುತ್ತದೆ. ಇದರಲ್ಲಿ ವಿರೋಧಾಭಾಸ ಕಾಣುವವರು ಶಾಸ್ತ್ರಕ್ಕೆ ಹೊಸಬರು.

ಅಳತೆಯ ಪ್ರಕರಣ ನಮ್ಮ ಸ್ವಂತ ಕೊಡುಗೆ. ಯೋಜನಾ ವರದಿಯವರ ಮಾನ ಚದರಡಿ. ಮಾರುಕಟ್ಟೆಯದು ಮೊಳ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ ಮಲ್ಲಿಗೆ; ಆದರೆ ಯಾರ ಮೊಣಕೈ? ಮಾರುವವಳದು. ಹೂವಿನ ಸಾಲಿನಲ್ಲಿ ನಿಂತು ನೋಡಿದೆವು. ಆಕೆ ಬಾಳೆನಾರಿನಲ್ಲಿ ಕಟ್ಟಿದ ದಂಡೆಯನ್ನು ಮೊಣಕೈಗೆ ಆನಿಸಿ ಎಳೆಯುತ್ತಾಳೆ, ತುದಿಯಲ್ಲಿ ಬೆರಳು ಒಂದಿಷ್ಟು ಮಡಚಿಕೊಳ್ಳುತ್ತದೆ. ಚೌಕಾಸಿ ಮಾಡಿದವರಿಗೆ ಹೆಚ್ಚು ಮಡಚಿಕೊಳ್ಳುತ್ತದೆ. ಗುರುತಿನವರಾದರೆ ಮೊಳ ಮುಗಿದ ಮೇಲೂ ನಾಲ್ಕು ಮೊಗ್ಗು ಸೇರುತ್ತವೆ. ನಾವು ಟೇಪು ತೆಗೆದದ್ದೇ ಆಕೆ ಕೇಳಿದಳು:

'ಏನ್ ಸಾರ್, ಅಳೀತಾ ಇದೀರಾ? ಈ ಸಲ ಒಡದೇ ಬಿಡ್ತಾರಾ?'

'ಇಲ್ಲಮ್ಮ, ಇದು ಬರೀ ಅಧ್ಯಯನ.'

'ಹಂಗೇ ಅಂತಾರೆ ಎಲ್ರೂ. ನೀವೊಂಚೂರು ಸರ್ಕೊಳಿ, ಗಿರಾಕಿ ಬಂದ್ರು.'

ಆಕೆಯ ಅಂಗಡಿಯೆಂದರೆ ಒಂದು ಹಲಗೆ. ಅದರ ಮೇಲೆ ಕೂತಲ್ಲಿಂದ ಏಳದೆ ಹೂವು, ನೀರಿನ ತಂಬಿಗೆ, ಚಿಲ್ಲರೆ ಡಬ್ಬಿ, ಪಕ್ಕದವಳ ಮೊಬೈಲ್ ಎಲ್ಲವೂ ಕೈಗೆಟಕುತ್ತವೆ. ಆಚೆ ಗೋಪುರ ಮಾಡಿಟ್ಟ ಕುಂಕುಮದ ರಾಶಿಗಳ ನಡುವಿನ ಅಂಗಡಿಯವನೂ ಕೂತೇ ಇದ್ದಾನೆ. ಮಾಲಿನಲ್ಲಿ ಮಾರುವವರು ದಿನವಿಡೀ ನಿಂತಿರುತ್ತಾರೆ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ನೂರು ವರ್ಷಕ್ಕೂ ಹಳೆಯದಾದ ಒಂದು ಮಾರುಕಟ್ಟೆ ಈ ಹಕ್ಕನ್ನು ಹಲಗೆಯ ಎತ್ತರದಲ್ಲೇ ಕಟ್ಟಿಕೊಟ್ಟಿತ್ತು. ಹೊಸ ನಕ್ಷೆಗಳಲ್ಲಿ ಎಲ್ಲ ಮಳಿಗೆಗೂ ಒಂದೇ ಅಳತೆ, ಒಂದೇ ರೋಲಿಂಗ್ ಶಟರ್. ಹಲಗೆಯ ಮೇಲೆ ಕೂರುವವಳು ಶಟರಿನ ಹಿಂದೆ ಏನು ಮಾಡಬೇಕು, ಬಾಡಿಗೆಗೆ ಎಷ್ಟು ಮೊಳ ಮಾರಬೇಕು ಎಂಬ ಪ್ರಶ್ನೆಗೆ ಉತ್ತರ ಭಾಷ್ಯದಲ್ಲಿದೆ. ಭಾಷ್ಯ ಇನ್ನೂ ಬರೆದಿಲ್ಲ.

ವಾಹನ ನಿಲುಗಡೆಯ ಪ್ರಕರಣವನ್ನು ಬೇಗ ಮುಗಿಸೋಣ. ಪುರಭವನದ ಅಂಗಳದ ಕೆಳಗೆ ಪಾರ್ಕಿಂಗ್ ಕಟ್ಟಲು ತೊಡಗಿ ವರ್ಷಗಟ್ಟಲೆ ಅದು ಹಾಗೇ ನಿಂತಿತು. ನಿಲುಗಡೆ ಎಂಬ ಉದ್ದೇಶ ಆ ಮಟ್ಟಿಗೆ ಈಡೇರಿದೆ.

'ತಾತ್ಕಾಲಿಕ ಸ್ಥಳಾಂತರ' ಎಂಬ ವಿಧಿಯೊಂದಿದೆ, ವ್ಯಾಪಾರಿಗಳು ಕಟ್ಟಡ ಕುಸಿತಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ. 2020ರ ಕೊರೊನಾ ಕಾಲದಲ್ಲಿ ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ಟಿನ ಸಗಟು ವ್ಯಾಪಾರವನ್ನು ಊರಾಚೆಯ ಬೈಕಂಪಾಡಿಗೆ ಕಳಿಸಿದ್ದು ಅವರಿಗೆಲ್ಲ ನೆನಪಿದೆ. ಗಿರಾಕಿಗೆ ಕಾಲಿನ ಅಭ್ಯಾಸ ಮುಖ್ಯ. ಒಂದು ವರ್ಷ ಬೇರೆ ಬೀದಿಗೆ ತಿರುಗಿದ ಕಾಲು ಹಳೆಯ ಬೀದಿಗೆ ಮರಳುತ್ತದೆಂದು ಯಾವ ಟೆಂಡರಿನಲ್ಲೂ ಷರತ್ತು ಹಾಕಲಾಗದು. ಮೊದಲು ಅರ್ಧ ಭಾಗ ಕಟ್ಟಿ, ಜನ ಅಲ್ಲಿಗೆ ಬಂದ ಮೇಲೆ ಉಳಿದರ್ಧ ಮುಟ್ಟಿ ಎಂದು ವ್ಯಾಪಾರಿಯೊಬ್ಬರು ಎಲೆ ಕಟ್ಟುತ್ತ ಹೇಳಿದರು. ಮಾತು ತೀರ ಸರಳವಾಗಿದ್ದುದರಿಂದ ಅದನ್ನು ಪರಿಶಿಷ್ಟದಲ್ಲಿ ಇಡಲಾಗಿದೆ.

ಇನ್ನು ಫಲಶ್ರುತಿ. ಈ ಮೀಮಾಂಸೆಯನ್ನು ಶುಚಿರ್ಭೂತನಾಗಿ ಪಠಿಸುವ ಗುತ್ತಿಗೆದಾರನಿಗೆ ಬಾಕಿ ಬಿಲ್ಲು ಪಾಸಾಗುವುದು. ಇಂಜಿನಿಯರಿಗೆ ಬೇಡಿದ ಊರಿಗೆ ವರ್ಗವಾಗುವುದು. ತಜ್ಞನಿಗೆ ಇನ್ನೊಂದು ಸಮಿತಿ ಒಲಿಯುವುದು. ಬಾಡಿಗೆದಾರರಿಗೆ ಮುಂದಿನ ಮಳೆಗಾಲದವರೆಗೆ ಕಾಲಾವಕಾಶ. ಇದಾವುದನ್ನೂ ಓದದೆ ಸಂಜೆ ಚೀಲ ಹಿಡಿದು ಹೋಗುವ ಗಿರಾಕಿಗೆ ಒಂದು ಮೊಳ ಮಲ್ಲಿಗೆ, ಮೇಲೆ ನಾಲ್ಕು ಮೊಗ್ಗು; ಚೌಕಾಸಿ ಮಾಡದಿದ್ದರೆ.