ಕ್ಯಾಂಪು: ಒಂದು ಪದಾರ್ಥ ಮೀಮಾಂಸೆ

ಬೆಳಗಾವಿ ನಗರದಲ್ಲೂ ಖಾನಾಪುರ ತಾಲ್ಲೂಕಿನಲ್ಲೂ ದಿನಬೆಳಗಾದರೆ ಬಳಕೆಯಾಗುವ ‘ಕ್ಯಾಂಪು’ ಎಂಬ ಆಂಗ್ಲ ನಾಮಪದವನ್ನು ಅಲಂಕಾರಶಾಸ್ತ್ರಜ್ಞರು ಇಂದಿಗೂ ಕಣ್ಣೆತ್ತಿ ನೋಡದಿರುವುದು ಶಾಸ್ತ್ರಕ್ಕಾದ ನಷ್ಟವೇ ಸರಿ. ಬಯಲು ಎಂಬರ್ಥದ ಲ್ಯಾಟಿನ್ ಮೂಲದಿಂದ ಹೊರಟು, ದಂಡು ಡೇರೆ ಹೊಡೆದು ಕೆಲಕಾಲ ತಂಗುವ ಠಾವು ಎಂಬರ್ಥವನ್ನು ಪಡೆದ ಈ ಪದವು ಬೆಳಗಾವಿಯನ್ನು ಮುಟ್ಟಿದೊಡನೆ ‘ಕೆಲಕಾಲ’ ಎಂಬ ಅಂಶವನ್ನು ಕಳಚಿಕೊಂಡಿತು.

ಅಭಿಧೆ, ಎಂದರೆ ಪದದ ನೇರ ಅರ್ಥವನ್ನು ಹೇಳುವ ಶಕ್ತಿ, ಇಲ್ಲಿ ಕಂಟೋನ್ಮೆಂಟ್ ಪ್ರದೇಶವನ್ನು ಸೂಚಿಸುತ್ತದೆ. 1818ರಲ್ಲಿ ಬೆಳಗಾವಿ ಕೋಟೆಯನ್ನು ಗೆದ್ದ ಕಂಪನಿ ಸರ್ಕಾರ 1832ರಲ್ಲಿ ಸ್ಥಾಪಿಸಿದ ಈ ತಂಗುದಾಣದಲ್ಲಿ ಡೇರೆಗಳು ಹೋಗಿ ಬಂಗಲೆ, ಇಗರ್ಜಿ, ಶಾಲೆಗಳು ಎದ್ದವು. ಕಂಪನಿಯೂ ಹೋಯಿತು, ಅದರ ಬೆನ್ನಿಗೆ ಬಂದ ರಾಣಿಯ ಆಳ್ವಿಕೆಯೂ ಹೋಯಿತು. ಬೀಡು ಮಾತ್ರ ಇನ್ನೂ ಕಿತ್ತಿಲ್ಲ. ಇದರಿಂದ ‘ಬೆಳಗಾವಿಯಲ್ಲಿ ತಾತ್ಕಾಲಿಕವೇ ಚಿರಸ್ಥಾಯಿ’ ಎಂಬ ಸೂತ್ರ ಸಿದ್ಧಿಸುತ್ತದೆ. ಒಂದೇ ದೃಷ್ಟಾಂತದಿಂದ ಸೂತ್ರ ನಿಲ್ಲದೆಂಬುದು ಪೂರ್ವಪಕ್ಷ, ಎಂದರೆ ಎದುರಾಳಿಯ ಆಕ್ಷೇಪ. ಅದಕ್ಕೆ ಸಮಾಧಾನವಿದೆ: ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನಕ್ಕಾಗಿ 1924ರ ಡಿಸೆಂಬರಿನಲ್ಲಿ ಟಿಳಕವಾಡಿಯಲ್ಲಿ ‘ವಿಜಯನಗರ’ವೆಂಬ ಬೀಡು ಬಿಟ್ಟಿತ್ತು, ಅದು ಎದ್ದುಹೋದರೂ ಪ್ರತಿನಿಧಿಗಳ ನೀರಿಗೆಂದು ತೋಡಿದ ಬಾವಿ ಕಾಂಗ್ರೆಸ್ ಬಾವಿಯೆಂದೇ ಉಳಿದುಕೊಂಡಿದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವು ಸೂತ್ರದ ವಿಲೋಮ, ಎಂದರೆ ತಿರುವುಮುರುವು: ಕಟ್ಟಡ ಕಲ್ಲಿನದು, ಆದರೆ ಶಾಸಕರು ಚಳಿಗಾಲಕ್ಕೊಮ್ಮೆ ಬಂದಿಳಿದು ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟುತ್ತಾರೆ.

ಲಕ್ಷಣೆ, ಎಂದರೆ ನೇರ ಅರ್ಥ ಹೊಂದದಾಗ ಪಕ್ಕದ ಅರ್ಥವನ್ನು ಹಿಡಿಯುವುದು, ಕಚೇರಿಗಳಲ್ಲಿ ಕಾಣಸಿಗುತ್ತದೆ. ಅಲ್ಲಿ ಕ್ಯಾಂಪು ಎಂದರೆ ಅಧಿಕಾರಿಯ ಸಂಚಾರ, ಆದೇಶದ ಮೂಲೆಯಲ್ಲಿ ‘ಕ್ಯಾಂಪು: ಖಾನಾಪುರ’ ಎಂದು ಬರೆಯಲು ಡೇರೆಯ ಗೂಟವೂ ಬೇಕಿಲ್ಲ. ಇನ್ನು ವ್ಯಂಜನೆ, ಎಂದರೆ ಧ್ವನಿ: ಇವತ್ತು ಸಹಿ ಆಗದು.

ಮೂರೂ ಶಕ್ತಿಗಳು ಒಂದೆಡೆ ಕೂಡಿದಾಗ ಆಗುವ ಅನರ್ಥವನ್ನು ಪರಿಶೀಲಿಸಬೇಕು. ನಂದಗಡದ ರೈತನೊಬ್ಬ ಉತಾರದ ತಿದ್ದುಪಡಿಗೆಂದು ನಸುಕಿನ ಬಸ್ಸು ಹಿಡಿದು, ಖಾನಾಪುರ ದಾಟಿ, ಬೆಳಗಾವಿಯ ಕಚೇರಿ ಮುಟ್ಟಿದನೆಂದು ಭಾವಿಸೋಣ. ಬಾಗಿಲಲ್ಲಿ ಕುಳಿತ ಸಿಪಾಯಿ ಲಕ್ಷಣೆಯಲ್ಲಿ ‘ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ್ರಿ’ ಎನ್ನುತ್ತಾನೆ. ರೈತ ಅದನ್ನು ಅಭಿಧೆಯಲ್ಲಿ ಗ್ರಹಿಸಿ, ಆಟೋ ಹತ್ತಿ ಕ್ಯಾಂಪಿಗಿಳಿದು, ಮಧ್ಯಾಹ್ನದವರೆಗೆ ಬಂಗಲೆಗಳ ಫಲಕ ಓದುತ್ತಾ ತಿರುಗುತ್ತಾನೆ. ಸಾಹೇಬರು ಆಗ ಅವನ ತಾಲ್ಲೂಕಿನ ಪ್ರವಾಸಿ ಮಂದಿರದಲ್ಲೇ ಊಟಕ್ಕೆ ಕುಳಿತಿರುತ್ತಾರೆ. ವಿಷಯ ತಿಳಿದ ರೈತ ಸಂಜೆ ಖಾನಾಪುರ ತಲುಪುವ ಹೊತ್ತಿಗೆ ಸಾಹೇಬರ ಜೀಪು ಬೆಳಗಾವಿಗೆ ಮರಳಿರುತ್ತದೆ. ಅವರ ವಸತಿಗೃಹ ಕ್ಯಾಂಪಿನಲ್ಲೇ ಇರುವುದರಿಂದ, ಸಿಪಾಯಿ ಬೆಳಿಗ್ಗೆ ಆಡಿದ ಮಾತು ರಾತ್ರಿ ಎಂಟಕ್ಕೆ ಅಭಿಧೆಯಲ್ಲೂ ಸತ್ಯವಾಗುತ್ತದೆ.